ಬರೆದು ಕೊಡಿ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲಿಗೆ ಒಂದು ಕೆಲಸ ಹೇಳುತ್ತೇನೆ. ಒಂದು ಪೆನ್ನು, ಒಂದು ಬಿಳಿ ಹಾಳೆ ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

2014ರ ಜೂನ್ ತಿಂಗಳು. ನನ್ನ ಮಗಳಿಗೆ ಆಗ ಆರು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕಾಲು ಬಿಗಿಯಾಗಿರುತ್ತವೆ. ವಾಕರ್ ಹಿಡಿದು ನಡೆಯುತ್ತಾಳೆ. ಬರೆಯುವಾಗ ಕೈ ನಡುಗುತ್ತದೆ. ಮಾತು ನಿಧಾನ, ಆದರೆ ಕಿವಿಗೊಟ್ಟು ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಒಂದನೇ ತರಗತಿಗೆ ಸೇರಿಸಲು ನಾನು, ನನ್ನ ಗಂಡ ಊರಿನ ಶಾಲೆಗಳಿಗೆ ಅಲೆದೆವು. ಮೂರು ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಯಾರೂ ಬಾಯಿಬಿಟ್ಟು ‘ಇಲ್ಲ’ ಅನ್ನಲಿಲ್ಲ. ‘ನಮ್ಮಲ್ಲಿ ಸೌಕರ್ಯ ಇಲ್ಲಮ್ಮ’ ಅಂದರು ಒಬ್ಬರು. ‘ಬೇರೆ ಪೋಷಕರು ಏನಂದ್ಕೋತಾರೋ’ ಅಂದರು ಇನ್ನೊಬ್ಬರು. ಮೂರನೆಯವರು ‘ಮಗೂಗೇ ಕಷ್ಟ ಅಲ್ವಾ, ಯೋಚನೆ ಮಾಡಿ’ ಅಂದು ಟೀ ಕುಡಿಸಿ ಕಳಿಸಿದರು.

ಪ್ರತಿ ಆಫೀಸಿನಲ್ಲೂ ನಾನು ಒಂದೇ ಮಾತು ಹೇಳುತ್ತಿದ್ದೆ. ‘ಸರ್, ಕಾಲು ಮಾತ್ರ ಸರಿ ಇಲ್ಲ, ತಲೆ ತುಂಬಾ ಚುರುಕು.’ ಈಗ ಆ ಮಾತು ಆಡುವುದಿಲ್ಲ. ಅವಳ ತಲೆ ಚುರುಕಾಗಿಲ್ಲದಿದ್ದರೂ ಶಾಲೆಗೆ ಹೋಗುವ ಹಕ್ಕು ಅಷ್ಟೇ ಇರುತ್ತಿತ್ತು. ಒಂದು ಮಗುವಿಗೆ ಸೀಟು ಕೇಳುವಾಗ ಇನ್ನೊಂದು ಮಗುವನ್ನು ಕೆಳಗೆ ಹಾಕಿ ಮಾತಾಡಬಾರದು. ಇದನ್ನು ನಾನು ತಡವಾಗಿ ಕಲಿತೆ.

ನಾಲ್ಕನೆಯ ಶಾಲೆಯವರು ಒಪ್ಪಿದರು. ಒಂದು ಷರತ್ತು ಹಾಕಿದರು. ‘ಮಗುವಿಗೆ ಏನಾದ್ರೂ ಆದ್ರೆ ಶಾಲೆ ಜವಾಬ್ದಾರಿ ಅಲ್ಲ ಅಂತ ಬರೆದು ಕೊಡಿ.’

ನಾನು ಬರೆದುಕೊಟ್ಟೆ. ಮೇಜಿನ ಮೇಲಿದ್ದ ಹಾಳೆ ತೆಗೆದುಕೊಂಡು, ಅವರು ಹೇಳಿದ ಹಾಗೇ ಬರೆದು, ಸಹಿ ಹಾಕಿ, ಕೈ ಮುಗಿದು ಬಂದೆ. ಮನೆಗೆ ಬಂದು ದೇವರಿಗೆ ದೀಪ ಹಚ್ಚಿದೆ. ಅವತ್ತು ಆ ಸಾಲಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ತಾಯಂದಿರು ನಿಂತಿದ್ದರು. ಅಂಥ ಪತ್ರ ಬರೆಸಿಕೊಂಡದ್ದು ನನ್ನೊಬ್ಬಳ ಹತ್ತಿರ. ಆಟದ ಬಯಲಿನಲ್ಲಿ ಯಾವ ಮಗು ಬೇಕಾದರೂ ಬಿದ್ದು ಕೈ ಮುರಿದುಕೊಳ್ಳಬಹುದು. ಅವರೆಲ್ಲರ ಜವಾಬ್ದಾರಿ ಶಾಲೆಯದು, ನನ್ನ ಮಗಳದು ಮಾತ್ರ ನನ್ನದು. ಇದು ತಪ್ಪು ಅಂತ ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು.

ಕಾನೂನು ಆಗಲೂ ಇತ್ತು ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಅದು ಅನ್ವಯ. 2012ರಲ್ಲಿ ಅದಕ್ಕೆ ತಿದ್ದುಪಡಿ ತಂದು, ವಿಕಲಚೇತನ ಮಕ್ಕಳನ್ನು ಹೆಸರಿಟ್ಟೇ ಸೇರಿಸಿದರು. ಸೇರಿಸಿಕೊಳ್ಳುವ ಮೊದಲು ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವ ಹಾಗಿಲ್ಲ ಅಂತ ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ನಾನು ದೀಪ ಹಚ್ಚಿದ ದಿನ ಇದೆಲ್ಲ ಪುಸ್ತಕದಲ್ಲಿ ಇತ್ತು. ನನಗೆ ಹೇಳುವವರು ಇರಲಿಲ್ಲ.

ಒಂದು, ಎರಡನೇ ತರಗತಿ ಹೇಗೋ ಆಯಿತು. ಮೂರನೇ ತರಗತಿ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಬೆಳಗ್ಗೆ ಅವಳನ್ನು ಎತ್ತಿಕೊಂಡು ಹತ್ತುತ್ತಿದ್ದೆ, ಸಂಜೆ ಎತ್ತಿಕೊಂಡು ಇಳಿಯುತ್ತಿದ್ದೆ. ಮಧ್ಯಾಹ್ನ ಒಮ್ಮೆ ಹೋಗಿ ಶೌಚಕ್ಕೆ ಕರೆದುಕೊಂಡು ಹೋಗಿ ಮತ್ತೆ ಮೇಲೆ ಬಿಡುತ್ತಿದ್ದೆ. ನಾನು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಆ ವರ್ಷ ಹೊಲಿಗೆ ಅರ್ಧಕ್ಕರ್ಧ ಬಿಟ್ಟೆ. ನನ್ನ ಮಗಳು ಬೆಳಗ್ಗೆ ನೀರು ಕುಡಿಯುವುದನ್ನು ನಿಲ್ಲಿಸಿದಳು. ‘ಯಾಕೆ’ ಅಂತ ಕೇಳಿದರೆ ‘ಬಾಯಾರಿಕೆ ಇಲ್ಲಮ್ಮ’ ಅನ್ನುತ್ತಿದ್ದಳು. ಎಂಟು ವರ್ಷದ ಹುಡುಗಿ, ಅಮ್ಮ ಮೆಟ್ಟಿಲು ಹತ್ತಬೇಕಾಗುತ್ತದೆ ಅಂತ ನೀರು ಬಿಟ್ಟಿದ್ದಳು.

ಕೇಳುಗರಲ್ಲಿ ಶಾಲೆ ನಡೆಸುವವರು ಯಾರಾದರೂ ಇದ್ದರೆ, ಈ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಶೌಚಾಲಯದ ಬಾಗಿಲಲ್ಲಿ ಒಂದು ಹಿಡಿಕೆ ಇಲ್ಲ, ಮುಂದೆ ಎರಡು ಮೆಟ್ಟಿಲು ಇದೆ ಅನ್ನುವ ಕಾರಣಕ್ಕೆ ದಿನವಿಡೀ ನೀರು ಕುಡಿಯದೆ ಕೂರುವ ಮಕ್ಕಳು ನಮ್ಮಲ್ಲಿದ್ದಾರೆ. ಅವರು ದೂರು ಹೇಳುವುದಿಲ್ಲ.

ವರ್ಷದ ಕೊನೆಗೆ ಶಾಲೆಯವರು ಕರೆದರು. ನಾಲ್ಕನೇ ತರಗತಿಯೂ ಮಹಡಿಯಲ್ಲೇ. ‘ನಿಮಗೂ ಕಷ್ಟ, ನಮಗೂ ಕಷ್ಟ. ಗೃಹಾಧಾರಿತ ಶಿಕ್ಷಣ ಅಂತ ಇದೆ. ಮನೆಯಲ್ಲೇ ಕಲಿಸಬಹುದು, ಹಾಜರಿ ನಾವು ನೋಡ್ಕೋತೀವಿ’ ಅಂದರು. ಕೇಳಲು ಸಹಾಯದ ಹಾಗಿತ್ತು. ನಾನು ಹೂಂ ಅಂದುಬಿಡುತ್ತಿದ್ದೆನೋ ಏನೋ. ಅವಳೇ ಬೇಡ ಅಂದಳು. ‘ನನ್ನ ಫ್ರೆಂಡ್ಸ್ ಎಲ್ಲ ಅಲ್ಲೇ ಇರ್ತಾರಲ್ಲ’ ಅಂದಳು.

ಆ ವಾರ ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವೈದ್ಯಕೀಯ ತಪಾಸಣೆ ಶಿಬಿರ ಇತ್ತು. ಅಲ್ಲಿ ಒಬ್ಬ ಮೇಡಂ ಸಿಕ್ಕಿದರು. ಬಿ.ಐ.ಇ.ಆರ್.ಟಿ. ಅನ್ನುತ್ತಾರೆ ಅವರನ್ನು. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕರು. ನಾನು ಅವರ ಮುಂದೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ‘ನೀವು ಇದುವರೆಗೂ ಶಾಲೆಗೆ ಏನು ಕೇಳಿದ್ದೀರಾ?’ ಅಂದರು. ‘ತುಂಬಾ ಸಲ ಕೇಳಿದ್ದೀನಿ ಮೇಡಂ’ ಅಂದೆ. ‘ಬಾಯಲ್ಲೋ, ಬರವಣಿಗೆಯಲ್ಲೋ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅಮ್ಮಾ, ಇನ್ಮೇಲೆ ಬರೆದು ಕೊಡಿ’ ಅಂದರು.

ಮೂರು ವರ್ಷದ ಹಿಂದೆ ಅದೇ ಎರಡು ಪದ ನನ್ನನ್ನು ತಲೆ ತಗ್ಗಿಸುವಂತೆ ಮಾಡಿತ್ತು.

ಅವರು ಅವತ್ತು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆಗಷ್ಟೇ ಹೊಸ ಕಾಯ್ದೆ ಜಾರಿಯಾಗಿತ್ತು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇತ್ತು, ಇದರಲ್ಲಿ 21. ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದೆ, ತಲಸ್ಸೇಮಿಯಾ ಇದೆ. ಇದರ 16ನೇ ಸೆಕ್ಷನ್ ಶಾಲೆಗಳ ಬಗ್ಗೆ. ಸರ್ಕಾರದ ಹಣ ಪಡೆಯುವ ಶಾಲೆಗಳಿಗೆ ಮಾತ್ರ ಅಲ್ಲ, ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ. ಭೇದ ಮಾಡದೆ ಸೇರಿಸಿಕೊಳ್ಳಬೇಕು. ಆಟ, ಮನರಂಜನೆಯಲ್ಲೂ ಎಲ್ಲರ ಜೊತೆ ಸಮಾನ ಅವಕಾಶ ಕೊಡಬೇಕು. ಕಟ್ಟಡ, ಆವರಣ ಮಗು ಓಡಾಡುವ ಹಾಗಿರಬೇಕು. ಆ ಮಗುವಿಗೆ ಬೇಕಾದ ಸೂಕ್ತ ಅನುಕೂಲ ಮಾಡಿಕೊಡಬೇಕು. ವಾಹನದ ವ್ಯವಸ್ಥೆ ಆಗಬೇಕು, ಹೆಚ್ಚು ನೆರವು ಬೇಕಾದ ಮಗುವಾದರೆ ಜೊತೆಗೆ ಬರುವವರಿಗೂ. 31ನೇ ಸೆಕ್ಷನ್ ಪ್ರಕಾರ ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯವರದು.

ಗೃಹಾಧಾರಿತ ಶಿಕ್ಷಣದ ಮಾತಿಗೆ ಅವರು ಸ್ವಲ್ಪ ಸಿಟ್ಟಾದರು. ಅದು ತೀವ್ರ ವೈಕಲ್ಯ, ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ಕೊಟ್ಟ ಹಕ್ಕು. ಬೇಕು ಅಂತ ಕೇಳುವುದು ಮಗುವಿನ ಕಡೆಯವರು. ಹಾಸಿಗೆಯಿಂದ ಏಳಲಾಗದ ಮಗುವಿನ ಮನೆಗೆ ಶಿಕ್ಷಕರು ಹೋಗಿ ಕಲಿಸುವುದು ದೊಡ್ಡ ಕೆಲಸ, ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ತೋರಿಸಿ ಶಾಲೆಗೆ ಬರಬಲ್ಲ, ಬರಬೇಕು ಅನ್ನುವ ಮಗುವನ್ನು ಮನೆಗೆ ಕಳಿಸುವ ಹಾಗಿಲ್ಲ.

ಸರಿ, ನಾನು ಪತ್ರ ಬರೆದೆ. ಅರ್ಧ ಪುಟ. ‘ನಾಲ್ಕನೇ ತರಗತಿಯನ್ನು ಕೆಳಗಿನ ಕೊಠಡಿಗೆ ಬದಲಾಯಿಸಬೇಕು, ಶೌಚಾಲಯಕ್ಕೆ ಹಿಡಿಕೆ ಹಾಕಿಸಬೇಕು’ ಅಂತ. ಇಷ್ಟೇ. ಎರಡು ಪ್ರತಿ ಮಾಡಿಕೊಂಡು ಹೋದೆ. ಮುಖ್ಯ ಶಿಕ್ಷಕರು ಓದಿ, ‘ಇದೆಲ್ಲ ಯಾಕಮ್ಮ, ಬಾಯಲ್ಲಿ ಹೇಳಿದ್ರೆ ಸಾಕಿತ್ತು’ ಅಂದರು. ‘ಒಂದು ಪ್ರತಿ ಮೇಲೆ ಸ್ವೀಕೃತಿ ಹಾಕಿ ಕೊಡಿ ಸರ್’ ಅಂದೆ. ನನ್ನ ಧ್ವನಿ ನಡುಗುತ್ತಿತ್ತು. ‘ಆಗೋದಿಲ್ಲ ಅಂದ್ರೆ?’ ಅಂದರು. ‘ಆಗೋದಿಲ್ಲ, ಇಂಥ ಕಾರಣಕ್ಕೆ ಆಗೋದಿಲ್ಲ ಅಂತ ಬರೆದು ಕೊಡಿ ಸರ್’ ಅಂದೆ.

ಅವರು ಬರೆಯಲಿಲ್ಲ. ಸ್ವಲ್ಪ ಹೊತ್ತು ಪತ್ರವನ್ನೇ ನೋಡಿದರು. ಆಮೇಲೆ ಮೊಹರು ಒತ್ತಿ, ತಾರೀಕು ಹಾಕಿ ಕೊಟ್ಟರು. ಒಂಬತ್ತನೆಯ ದಿನ ನಾಲ್ಕನೇ ತರಗತಿ ಕೆಳಗೆ ಬಂತು, ಆರನೇ ತರಗತಿ ಮೇಲೆ ಹೋಯಿತು. ಶಾಲೆಗೆ ಆದ ಖರ್ಚು ಒಂದು ಹಿಡಿಕೆಯದು ಮಾತ್ರ. ಬೆಂಚುಗಳನ್ನು ಮಕ್ಕಳೇ ಸಾಗಿಸಿದರು. ಅವತ್ತು ಸಂಜೆ ನನ್ನ ಮಗಳು ಖಾಲಿ ನೀರಿನ ಬಾಟಲಿ ಮನೆಗೆ ತಂದಳು.

ಕಾನೂನಿನಲ್ಲಿ ‘ಸೂಕ್ತ ಅನುಕೂಲ’ ಅನ್ನುವುದರ ಅರ್ಥ ಇದೇ. ಶಾಲೆಯ ಮೇಲೆ ಹೊರಲಾರದ ಹೊರೆ ಹಾಕದೆ, ಈ ಮಗುವಿಗೆ ಬೇಕಾದ ಬದಲಾವಣೆ ಮಾಡುವುದು. ಕೋಟಿ ರೂಪಾಯಿಯ ಲಿಫ್ಟ್ ಕೇಳುತ್ತಾರೆ ಅಂತ ಶಾಲೆಯವರು ಹೆದರುತ್ತಾರೆ. ನಾವು ಕೇಳುವುದು ಹೆಚ್ಚಿನ ಸಲ ಬಹಳ ಸಣ್ಣದು. ಕಿವಿ ಕೇಳದ ಮಗುವಿಗೆ ಮುಂದಿನ ಬೆಂಚು, ಮತ್ತು ಬೋರ್ಡಿಗೆ ಮುಖ ಮಾಡಿ ಮಾತಾಡದ ಟೀಚರ್. ಕಣ್ಣು ಮಂಜಾದ ಮಗುವಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ. ಗದ್ದಲಕ್ಕೆ ಬೆದರುವ ಆಟಿಸಂ ಇರುವ ಹುಡುಗನಿಗೆ ಹತ್ತು ನಿಮಿಷ ಹೊರಗೆ ಕೂರಲು ಒಂದು ಜಾಗ.

ಟೀಚರ್‌ಗಳ ಬಗ್ಗೆಯೂ ಹೇಳಬೇಕು. ಅವರನ್ನು ಶತ್ರು ಅಂದುಕೊಂಡು ಹೋಗಬೇಡಿ. ನಲವತ್ತೈದು ಮಕ್ಕಳ ತರಗತಿ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ. ಅದರ ಮಧ್ಯೆ ನಮ್ಮ ಮಗು. ಎಷ್ಟೋ ಜನಕ್ಕೆ ಈ ಮಕ್ಕಳಿಗೆ ಹೇಗೆ ಕಲಿಸಬೇಕು ಅನ್ನುವ ತರಬೇತಿಯೇ ಸಿಕ್ಕಿಲ್ಲ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಬಗ್ಗೆ ತೀರ್ಪು ಕೊಟ್ಟಿತು. ಎಷ್ಟು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅನ್ನುವುದನ್ನು ನಿಗದಿ ಮಾಡಿ, ಕಾಯಂ ಹುದ್ದೆ ತುಂಬಿ ಅಂದಿತು. ಆಮೇಲೆ ಗೊತ್ತಾದ ಲೆಕ್ಕ, ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು. ನಮ್ಮ ಬಿ.ಐ.ಇ.ಆರ್.ಟಿ. ಮೇಡಂ ಇಡೀ ತಾಲ್ಲೂಕು ಸುತ್ತುತ್ತಿದ್ದರು, ಬಸ್ಸಿನಲ್ಲಿ. ಆದ್ದರಿಂದ ಪತ್ರ ಬರೆಯುವಾಗ ಟೀಚರ್ ವಿರುದ್ಧ ಬರೆಯಬೇಡಿ. ಮಗುವಿಗೆ ಏನು ಬೇಕು ಅಂತ ಬರೆಯಿರಿ. ನನ್ನ ಮಗಳ ಐದನೇ ತರಗತಿಯ ಟೀಚರ್ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು: ‘ನೀವು ಬರೆದು ಕೊಡೋದ್ರಿಂದ ನಮಗೂ ಕೇಳೋಕೆ ಧೈರ್ಯ ಬರುತ್ತೆ.’

ಈಗ ಸರ್ಟಿಫಿಕೇಟ್ ವಿಷಯ. ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿಕೊಳ್ಳಿ. ಎಲ್ಲಿ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ವಿ.ಆರ್.ಡಬ್ಲ್ಯು. ಅಂದರೆ ಪಂಚಾಯ್ತಿಯಲ್ಲಿ ತೋರಿಸುತ್ತಾರೆ. ಕಿವಿ, ಮಾತಿನ ತೊಂದರೆ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕಾ ನ್ಯೂನತೆಯ ಪರೀಕ್ಷೆಯನ್ನು ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಕಾರ್ಡಿನಲ್ಲಿ 40ಕ್ಕಿಂತ ಕಡಿಮೆ ಬಂದರೆ ‘ಏನೂ ಸಿಗಲ್ಲ’ ಅಂತ ಕೆಲವರು ಹೇಳಿ ಕಳಿಸುತ್ತಾರೆ. ಅದು ಸರಿಯಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಯುವಕರೊಬ್ಬರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಬರಹಗಾರರನ್ನು ಕೇಳಿದ್ದರು. 40 ಇಲ್ಲ ಅಂತ ಕೊಡಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮೀಸಲಾತಿಯಂಥ ಸೌಲಭ್ಯಕ್ಕೆ 40 ಬೇಕು, ಆದರೆ ಸೂಕ್ತ ಅನುಕೂಲ ಕೇಳಲು ಆ ಗೆರೆ ಇಲ್ಲ ಅಂದಿತು. ಮೂವತ್ತು, ಮೂವತ್ತೈದು ಅಂತ ಬರೆಸಿಕೊಂಡು ಸುಮ್ನೆ ಕೂತಿರುವ ತಂದೆ ತಾಯಂದಿರೇ, ಇದು ನಿಮಗಾಗಿ ಹೇಳಿದ್ದು.

ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ. ಸಣ್ಣ ಮೊತ್ತ. ಬಿಡಬೇಡಿ.

ಎಸ್.ಎಸ್.ಎಲ್.ಸಿ. ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಂಟನೇ ತರಗತಿಯಲ್ಲಿ ಶಾಲೆಯವರು, ‘ಭಾಷಾ ವಿನಾಯಿತಿ ತಗೊಳ್ಳಿ, ಒಂದು ಭಾರ ಕಡಿಮೆ’ ಅಂದರು. ಆ ವಿನಾಯಿತಿ ಕಾನೂನಿನಲ್ಲಿದೆ. 17ನೇ ಸೆಕ್ಷನ್ನಿನಲ್ಲೇ ಬರೆದಿದೆ. ಎಷ್ಟೋ ಮಕ್ಕಳಿಗೆ ಅದರಿಂದ ಉಸಿರು ಬಂದ ಹಾಗಾಗುತ್ತದೆ. ಅಕ್ಷರಗಳು ಕಲಸಿಹೋಗುವ ಮಗುವಿಗೆ ಮೂರು ಲಿಪಿ ಕಲಿ ಅನ್ನುವುದು ಶಿಕ್ಷೆ. ಆದರೆ ನನ್ನ ಮಗಳಿಗೆ ಭಾಷೆ ಕಷ್ಟವಲ್ಲ, ಬರೆಯುವ ವೇಗ ಕಷ್ಟ. ಹಿಂದಿಯನ್ನು ಅವಳು ಇಷ್ಟಪಟ್ಟು ಓದುತ್ತಿದ್ದಳು. ನಾವು ವಿನಾಯಿತಿ ಬೇಡ ಅಂದೆವು, ಹೆಚ್ಚಿನ ಸಮಯ ಕೇಳಿದೆವು. ಏನು ಬೇಕು ಅಂತ ಮಗುವನ್ನು ಕೇಳಿ ತೀರ್ಮಾನ ಮಾಡಿ. ನಾವು ಪೋಷಕರೂ ಎಷ್ಟೋ ಸಲ ಅವರನ್ನು ಕೇಳುವುದೇ ಇಲ್ಲ.

ನನ್ನ ಮಗಳು ಪರೀಕ್ಷೆ ಬರೆಯುವಾಗ ಇದ್ದ 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ, ಬರಹಗಾರರ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇತ್ತು. ಬರಹಗಾರರು ಬೇಡ, ನಾನೇ ಬರೆಯುತ್ತೇನೆ ಅನ್ನುವವರಿಗೂ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಕೊಡಬಹುದು ಅಂತ ಅದರಲ್ಲಿತ್ತು. ಇದು ಪರೀಕ್ಷೆಯ ಹಿಂದಿನ ದಿನ ಓಡಾಡಿದರೆ ಸಿಗುವುದಿಲ್ಲ. ಶಾಲೆಯ ಮೂಲಕ ಮಂಡಳಿಗೆ ಮೊದಲೇ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಕಾಗದ ಹೊಂದಿಸಿಕೊಳ್ಳಿ. ಶಾಲೆಯ ಕಿರುಪರೀಕ್ಷೆಗಳಲ್ಲೂ ಆ ಸಮಯ ಕೇಳಿ, ಮಗುವಿಗೆ ಅಭ್ಯಾಸವಾಗುತ್ತದೆ. 2024ರ ಮಾರ್ಚ್, ಏಪ್ರಿಲ್‌ನಲ್ಲಿ ನನ್ನ ಮಗಳು ಎಲ್ಲ ಪತ್ರಿಕೆಯನ್ನೂ ತನ್ನ ನಡುಗುವ ಕೈಯಲ್ಲೇ ಬರೆದಳು. ಉಳಿದ ಮಕ್ಕಳೆಲ್ಲ ಹೊರಗೆ ಬಂದು ಉತ್ತರ ಹೋಲಿಸಿಕೊಳ್ಳುತ್ತಿದ್ದರು. ನಾನು ಗೇಟಿನ ಹತ್ತಿರ ಹುಣಸೆಮರದ ಕೆಳಗೆ ಇನ್ನೊಂದು ಗಂಟೆ ಕೂತಿದ್ದೆ. ಆ ಒಂದು ಗಂಟೆಗಾಗಿ ನಾನು ಆರು ಪತ್ರ ಬರೆದಿದ್ದೆ.

ಇಷ್ಟು ಹೇಳುವಾಗ ನನಗಿಂತ ಮೊದಲು ಅಲೆದವರ ನೆನಪಾಗುತ್ತದೆ. ಮುಂಬಯಿಯಲ್ಲಿ ಮಿಠೂ ಅಲೂರ್ ಅನ್ನುವ ತಾಯಿ. ಅವರ ಮಗಳಿಗೂ ಸೆರೆಬ್ರಲ್ ಪಾಲ್ಸಿ. ಸರಿಯಾದ ಶಾಲೆಯೇ ಇಲ್ಲದ ಕಾಲದಲ್ಲಿ, 1972ರಲ್ಲಿ, ಅವರು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. 1995ರಲ್ಲಿ ದೇಶದ ಬೇರೆ ಬೇರೆ ಊರಿನ ಪೋಷಕರ ಸಂಘಗಳು ಸೇರಿ ‘ಪರಿವಾರ್’ ಅನ್ನುವ ಒಕ್ಕೂಟ ಮಾಡಿಕೊಂಡವು. ‘ನಾವು ಸತ್ತ ಮೇಲೆ ಈ ಮಗುವನ್ನು ನೋಡುವವರು ಯಾರು’ ಅನ್ನುವುದು ಅವರ ಪ್ರಶ್ನೆ. ಇಂಥವರ ಪಾಲನೆ, ಪೋಷಕತ್ವಕ್ಕಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ನಾನು ಬಿ.ಆರ್.ಸಿ. ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ ಸೆಕ್ಷನ್‌ಗಳ ಹಿಂದೆ ಇಂಥ ಎಷ್ಟೋ ತಾಯಂದಿರ, ತಂದೆಯಂದಿರ ಸವೆದ ಚಪ್ಪಲಿ ಇದೆ.

ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ.ಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸೇರಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಅವಕಾಶವಂಚಿತ ಮಕ್ಕಳ ಪೋಷಕರಿಗೆ ಅದರಲ್ಲಿ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. 2012ರಿಂದ ಆ ಗುಂಪಿನಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅಂದಮೇಲೆ ನಮಗೆ ಅಲ್ಲಿ ಕುರ್ಚಿ ಇದೆ.

ಪತ್ರಕ್ಕೆ ಶಾಲೆ ಉತ್ತರ ಕೊಡದಿದ್ದರೆ? ಅದೇ ಪತ್ರದ ಪ್ರತಿ ಇಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ, ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿಗೆ ಬರೆಯಿರಿ. ದೂರು ವಿಚಾರಣೆ ಮಾಡುವಾಗ ಜನರನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅವರು ಯಾವುದಾದರೂ ಪ್ರಾಧಿಕಾರಕ್ಕೆ ಶಿಫಾರಸು ಮಾಡಿದರೆ, ಏನು ಕ್ರಮ ತೆಗೆದುಕೊಂಡೆವು ಅಂತ ಆ ಪ್ರಾಧಿಕಾರ ಮೂರು ತಿಂಗಳೊಳಗೆ ತಿಳಿಸಬೇಕು. ಎಲ್ಲ ಕಡೆಯೂ ಅವರು ಮೊದಲು ಕೇಳುವುದು ಒಂದೇ. ‘ಶಾಲೆಗೆ ಬರೆದು ಕೊಟ್ಟಿದ್ದೀರಾ? ಪ್ರತಿ ಇದೆಯಾ?’

ಈಗ ಆ ಪೆನ್ನು ತಗೊಳ್ಳಿ. ನಿಧಾನವಾಗಿ ಹೇಳುತ್ತೇನೆ.

ಮೇಲೆ ಎಡಗಡೆ, ‘ಇವರಿಗೆ, ಮುಖ್ಯ ಶಿಕ್ಷಕರು’ ಅಂತ ಬರೆದು ಶಾಲೆಯ ಹೆಸರು ಬರೆಯಿರಿ.

ಅದರ ಕೆಳಗೆ, ‘ವಿಷಯ: ನನ್ನ ಮಗುವಿಗೆ ಶಾಲೆಯಲ್ಲಿ ಸೂಕ್ತ ಅನುಕೂಲ ಒದಗಿಸುವ ಬಗ್ಗೆ.’

‘ಮಾನ್ಯರೇ. ನನ್ನ ಮಗು ನಿಮ್ಮ ಶಾಲೆಯ’ ಇಷ್ಟನೇ ತರಗತಿಯಲ್ಲಿ ‘ಓದುತ್ತಿದೆ.’ ಮಗುವಿನ ಪೂರ್ತಿ ಹೆಸರು ಬರೆಯಿರಿ. ಯು.ಡಿ.ಐ.ಡಿ. ಸಂಖ್ಯೆ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

‘ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16 ಮತ್ತು 17ನೇ ಸೆಕ್ಷನ್‌ಗಳ ಪ್ರಕಾರ ಈ ಕೆಳಗಿನ ಅನುಕೂಲ ಮಾಡಿಕೊಡಬೇಕೆಂದು ಕೋರುತ್ತೇನೆ.’ ಇಲ್ಲಿ ಏನು ಬೇಕೋ ಅದನ್ನು ಬರೆಯಿರಿ. ಒಂದು ಅಥವಾ ಎರಡು, ಜಾಸ್ತಿ ಬೇಡ. ‘ಸಹಾಯ ಮಾಡಿ’ ಅಂತ ಬರೆಯಬೇಡಿ. ‘ತರಗತಿ ಕೆಳಗಿನ ಮಹಡಿಗೆ’, ‘ಮುಂದಿನ ಬೆಂಚು’, ‘ಕಿರುಪರೀಕ್ಷೆಗೆ ಇಪ್ಪತ್ತು ನಿಮಿಷ ಹೆಚ್ಚು’, ಹೀಗೆ ಖಚಿತವಾಗಿ ಬರೆಯಿರಿ.

‘ಹದಿನೈದು ದಿನಗಳೊಳಗೆ ಕ್ರಮ ತೆಗೆದುಕೊಳ್ಳಬೇಕು. ಸಾಧ್ಯವಿಲ್ಲವಾದರೆ ಕಾರಣ ತಿಳಿಸಿ ಲಿಖಿತ ಹಿಂಬರಹ ನೀಡಬೇಕು.’ ಹಿಂಬರಹ ಅಂದರೆ ಆಫೀಸಿನವರು ಬರೆದು ಕೊಡುವ ಉತ್ತರ. ಆ ಪದ ಬಿಡಬೇಡಿ. ಆಫೀಸಿನವರಿಗೆ ಆ ಪದ ಚೆನ್ನಾಗಿ ಗೊತ್ತು.

‘ವಂದನೆಗಳೊಂದಿಗೆ.’ ಸಹಿ. ನಿಮ್ಮ ಹೆಸರು. ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿ, ಅದೂ ನಡೆಯುತ್ತದೆ. ಕೊನೆಯಲ್ಲಿ, ‘ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಮಾಹಿತಿಗಾಗಿ.’

ಇವತ್ತಿನ ತಾರೀಕು ಹಾಕಿ. ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಶಾಲೆಯ ಮೊಹರು ಹಾಕಿಸಿಕೊಂಡು ಮನೆಗೆ ತನ್ನಿ. ನನ್ನ ಹತ್ತಿರ ಅಂಥವು ಒಂದು ನೀಲಿ ಫೈಲಿನ ತುಂಬಾ ಇವೆ. ಮೊದಲನೆಯದರ ತಾರೀಕು 2017ರ ಜೂನ್ 12.